ಹೆದ್ದಾರಿಗೆ ಮುಂಚೆ ಹಗೇವು

"ಅಪ್ಪಾ, ಇದು ಕುಷ್ಟಗಿ ಅಜ್ಜಿ ಮನಿ ಹಗೇವು ಇದ್ದಂಗ ಐತಲ್ಲ!" ಅಂದಳು ಮಗಳು. ಹಗೇವು ಅಂದರೆ ಕಾಳು ತುಂಬಿಡಲು ನೆಲದೊಳಗೆ ತೋಡುವ ಗುಂಡಿ. ಎದುರಿಗಿದ್ದದ್ದು ಸುಮಾರು 2300 ವರ್ಷ ಹಳೆಯದು. ಇಲ್ಲಿ ಕೇಂಬ್ರಿಜ್ ಕಡೆ ಹೊಸ ಬೈಪಾಸ್ ಹಾಯುವ ಹೊಲದಲ್ಲಿ, ರಸ್ತೆ ಕೆಲಸಕ್ಕೆ ಮುಂಚೆ ನಡೆಯುವ ಉತ್ಖನನವನ್ನು ಊರವರಿಗೆ ತೋರಿಸುವ ದಿನ ಅದು. ನಾನು ಹೌದೆನ್ನುವಷ್ಟರಲ್ಲಿ ಇನ್ನೊಂದು ಮಾತು ಬಂತು: "ಅಜ್ಜಿ ಹಗೇವಿನ ಮ್ಯಾಲೆ ಸಿಸಿ ರೋಡ್ ಹಾಕಿದ್ರಲ್ಲ, ಮುಚ್ಚೋಕ ಮುಂಚೆ ಅದನ್ನ ಯಾರು ಬರಕೊಂಡ್ರು?"

ಯಾರೂ ಬರೆದುಕೊಳ್ಳಲಿಲ್ಲ. ಗರಸು ಸುರಿದು ಮುಚ್ಚಿದರು, ಅಷ್ಟೇ.

ಮಗಳು ಗುರುತಿಸಿದ್ದು ಸರಿಯಾಗಿಯೇ ಇತ್ತು. ಬಾಯಿ ಕಿರಿದು, ಹೊಟ್ಟೆ ಅಗಲ, ತಳ ಸಪಾಟು. ನಮ್ಮ ಕಡೆ ಗಟ್ಟಿ ನೆಲ ನೋಡಿ ತೋಡಿ, ತಳಕ್ಕೂ ಪಕ್ಕಕ್ಕೂ ದಂಟು, ಹೊಟ್ಟು ಕೊಟ್ಟು, ಚೆನ್ನಾಗಿ ಒಣಗಿದ ಜೋಳ ತುಂಬಿ, ಬಾಯಿಗೆ ಕಲ್ಲು ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ಇಂಗ್ಲೆಂಡಿನ ಕಬ್ಬಿಣ ಯುಗದ ರೈತರು ಒಂದೆರಡು ಮೀಟರ್ ಆಳ ತೋಡಿ, ಗೋಧಿ, ಬಾರ್ಲಿ ತುಂಬಿ, ಜೇಡಿಮಣ್ಣಿನಿಂದ ಬಾಯಿ ಮುಚ್ಚುತ್ತಿದ್ದರು. ಗೋಡೆಗೆ ತಾಗಿದ ಕಾಳು ತೇವ ಹೀರಿ ಮೊಳಕೆಯೊಡೆಯುತ್ತದೆ. ಅದು ಉಸಿರಾಡಿ ಒಳಗಿನ ಆಮ್ಲಜನಕ ಮುಗಿಯುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಆಮೇಲೆ ಹುಳವೂ ಇಲ್ಲ, ಬೂಷ್ಟೂ ಇಲ್ಲ, ನಡುವಿನ ಕಾಳು ಹಾಗೇ ಉಳಿಯುತ್ತದೆ. ಹ್ಯಾಂಪ್‌ಶೈರ್‌ನ ಬಟ್ಸರ್ ಜಮೀನಿನಲ್ಲಿ ಪೀಟರ್ ರೆನಾಲ್ಡ್ಸ್ 1970ರ ದಶಕದಲ್ಲಿ ಇಂಥ ಗುಂಡಿಗಳನ್ನು ತೋಡಿ, ಧಾನ್ಯ ತುಂಬಿ, ಇದನ್ನು ಪ್ರಯೋಗ ಮಾಡಿಯೇ ತೋರಿಸಿದರು. ನಮ್ಮ ಹಿರಿಯರು ಹಗೇವು ತೆರೆದ ಕೂಡಲೇ ಯಾರನ್ನೂ ಇಳಿಯಗೊಡದೆ, ಕಂದೀಲು ಇಳಿಬಿಟ್ಟು ದೀಪ ಆರುತ್ತದೋ ಇಲ್ಲವೋ ನೋಡುತ್ತಿದ್ದದ್ದು ಇದೇ ಕೆಟ್ಟ ಗಾಳಿಯ ಭಯಕ್ಕೆ. ಅವಸರಪಟ್ಟು ಇಳಿದು ಜೀವ ಕಳೆದುಕೊಂಡವರಿದ್ದಾರೆ.

ಇಂಥ ಗುಂಡಿ ಇಲ್ಲಿ ರಸ್ತೆಯ ಅಡಿಗೆ ಹೋಗುವ ಮುಂಚೆ ಏನೇನಾಗುತ್ತದೆ ಎಂಬುದನ್ನು ನಮ್ಮ ಕಡೆಯವರು ತಿಳಿಯಬೇಕು. ಉತ್ಖನನ ಅಂದಕೂಡಲೇ "ರಸ್ತೆ ನಿಂತಿತು" ಎಂದುಕೊಳ್ಳುತ್ತೇವೆ. ಇಲ್ಲಿ ಅಗೆದ ಜಾಗಗಳಲ್ಲಿ ಬಹುಪಾಲಿನ ಮೇಲೆ ಕೊನೆಗೆ ರಸ್ತೆ ಹಾದೇ ಹೋಗುತ್ತದೆ. 1990ರಲ್ಲಿ ಬಂದ ಪಿಪಿಜಿ 16 ಎಂಬ ಸರ್ಕಾರಿ ಮಾರ್ಗಸೂಚಿ, ನೆಲದಡಿ ಏನಿದೆ ಎಂಬುದನ್ನು ಅನುಮತಿ ಕೊಡುವ ಮೊದಲೇ ನೋಡಬೇಕು, ಉಳಿಸಲಾಗದಿದ್ದರೆ ದಾಖಲೆ ಮಾಡಬೇಕು ಎಂದಿತು. ಖರ್ಚು ರಸ್ತೆ, ಕಟ್ಟಡ ಕಟ್ಟುವವರದ್ದು. ಆ ಮಾರ್ಗಸೂಚಿ ಹೋಗಿ ಬೇರೆ ಬಂದರೂ ಪದ್ಧತಿ ಉಳಿಯಿತು. ಕೇಂಬ್ರಿಜ್–ಹಂಟಿಂಗ್‌ಡನ್ ನಡುವಿನ ಎ14 ಹೆದ್ದಾರಿಯನ್ನು 21 ಮೈಲಿ ಉದ್ದಕ್ಕೆ ಹೊಸದಾಗಿ ಮಾಡುವ ಮುನ್ನ, ಕೆಲಸ ಜೋರಿದ್ದಾಗ 250ರಷ್ಟು ಪುರಾತತ್ವ ಕೆಲಸಗಾರರು ಹೊಲಗಳಲ್ಲಿದ್ದರು. ಆ ರಸ್ತೆ 2020ರಲ್ಲಿ ಪೂರ್ತಿಯಾಗಿ ವಾಹನಗಳಿಗೆ ತೆರೆಯಿತು.

ಮೊದಲು ಹಳೆಯ ನಕ್ಷೆ, ವಿಮಾನದಿಂದ ತೆಗೆದ ಫೋಟೊ ನೋಡುತ್ತಾರೆ. ಬರಗಾಲದ ವರ್ಷದ ಫೋಟೊ ಬಂಗಾರ: ಮುಚ್ಚಿಹೋದ ಕಂದಕದ ಮೇಲಿನ ಪೈರು ತೇವದಿಂದಾಗಿ ಹಸಿರಾಗಿ, ಎತ್ತರವಾಗಿ ನಿಂತು, ಇಡೀ ಹಳ್ಳಿಯ ಗೆರೆ ಹೊಲದ ಮೇಲೆ ಮೂಡುತ್ತದೆ. ಆಮೇಲೆ ಕಾಂತೀಯ ಅಳತೆಯ ಉಪಕರಣ ಹಿಡಿದು ಒಂದೊಂದು ಮೀಟರ್ ಅಂತರದ ಸಾಲಿನಲ್ಲಿ ನಡೆಯುತ್ತಾರೆ. ಸುಟ್ಟ ಮಣ್ಣು, ಮೇಲ್ಮಣ್ಣು ತುಂಬಿದ ಗುಂಡಿ ಸುತ್ತಲಿನ ನೆಲಕ್ಕಿಂತ ಹೆಚ್ಚು ಕಾಂತೀಯವಾಗಿರುತ್ತದೆ. ಅದು ಹೇಳಿದ್ದು ನಿಜವೋ ಎಂದು ನೋಡಲು ಎರಡು ಮೀಟರ್ ಅಗಲ, 30 ಅಥವಾ 50 ಮೀಟರ್ ಉದ್ದದ ಪರೀಕ್ಷಾ ಕಾಲುವೆ ತೆಗೆಯುತ್ತಾರೆ. ಒಟ್ಟು ಜಾಗದ ನೂರಕ್ಕೆ ಎರಡರಿಂದ ಐದು ಭಾಗ ಸಾಮಾನ್ಯವಾಗಿ ಸಾಕಾಗುತ್ತದೆ.

ಮೇಲ್ಮಣ್ಣು ತೆಗೆಯುವ ಹೊತ್ತೇ ಎಲ್ಲಕ್ಕಿಂತ ನಾಜೂಕಿನದು. ನಮ್ಮ ಕಡೆ ಹಿಟಾಚಿ ಎನ್ನುವ ಚೈನಿನ ಯಂತ್ರಕ್ಕೆ ಹಲ್ಲಿಲ್ಲದ ಅಗಲ ಬಕೆಟ್ ಹಾಕಿರಬೇಕು. ಹಲ್ಲಿನ ಬಕೆಟ್ ನೆಲವನ್ನು ಗೀರಿ ಎಲ್ಲ ಅಂಚನ್ನೂ ಕೆಡಿಸುತ್ತದೆ. ಒಂದು ಸಲಕ್ಕೆ ಹತ್ತು ಸೆಂಟಿಮೀಟರ್‌ಗಿಂತ ಹೆಚ್ಚು ಕೆರೆಯುವಂತಿಲ್ಲ. ಪಕ್ಕದಲ್ಲೇ ಒಬ್ಬರು ನೆಲದ ಮೇಲೆ ಕಣ್ಣಿಟ್ಟು ನಿಂತಿರುತ್ತಾರೆ, ಬಣ್ಣ ಬದಲಾದ ಕೂಡಲೇ ಕೈ ಎತ್ತುತ್ತಾರೆ. ಯಂತ್ರ ಹಿಂದಕ್ಕೆ ಸರಿಯುತ್ತಾ ಕೆರೆಯಬೇಕು, ಕೆರೆದ ಜಾಗದ ಮೇಲೆ ಮತ್ತೆ ಹತ್ತಬಾರದು. ಅರ್ಧ ಅಡಿ ಹೆಚ್ಚು ಕೆರೆದರೆ ಮರದ ಮನೆಯ ಕಂಬ ನೆಟ್ಟಿದ್ದ ಕುಳಿಗಳೆಲ್ಲ ಹೋದವು, ಮನೆಯೇ ಹೋಯಿತು. ಕಡಿಮೆ ಕೆರೆದರೆ ಉತ್ತ ಮಣ್ಣಿನಡಿ ಏನೂ ಕಾಣದು. ಬಿಸಿಲಿಗೆ ನೆಲ ಒಣಗಿ ಬಿಳಿಚಿಕೊಂಡರೆ ನೀರು ಚಿಮುಕಿಸಿ ನೋಡುತ್ತಾರೆ. ಎಷ್ಟೋ ಗುಂಡಿ ಒಂದು ಮಳೆ ಬಿದ್ದು ಆರುವ ಹೊತ್ತಿಗೆ ತಾವೇ ಕಾಣಿಸಿಕೊಳ್ಳುತ್ತವೆ.

ನಂತರ ಕರಣಿಯ ಕೆಲಸ. ಗುಂಡಿಯನ್ನು ಮೊದಲು ಅರ್ಧ ಮಾತ್ರ ತೆಗೆಯುತ್ತಾರೆ, ಉಳಿದರ್ಧದ ಗೋಡೆಯಲ್ಲಿ ಪದರಗಳು ಓದಲು ಸಿಗುತ್ತವೆ. ಕಂದಕವಾದರೆ ಅಲ್ಲಲ್ಲಿ ಒಂದೊಂದು ಮೀಟರ್ ಅಡ್ಡ ಸೀಳು. ಕಂದಕ ಮುಗಿಯುವ ತುದಿ, ಎರಡು ಕಂದಕ ದಾಟುವ ಕೂಡು, ಇವೆರಡನ್ನೂ ಬಿಡುವಂತಿಲ್ಲ: ಕಂದಕ ನಿಲ್ಲುವುದು ಸಾಮಾನ್ಯವಾಗಿ ಬಾಗಿಲಿಗಾಗಿ, ಅಲ್ಲಿ ಎಸೆದ ವಸ್ತು ತುದಿಯಲ್ಲಿ ಸಿಗುತ್ತದೆ, ಯಾವುದು ಮೊದಲು ಯಾವುದು ಆಮೇಲೆ ಎಂಬುದನ್ನು ಕೂಡು ಹೇಳುತ್ತದೆ. ತೋಡಿದ್ದಕ್ಕೆ ಒಂದು ಸಂಖ್ಯೆ, ತುಂಬಿದ ಪ್ರತಿ ಪದರಕ್ಕೂ ಬೇರೆ ಬೇರೆ ಸಂಖ್ಯೆ. ಪದರ ಕಾಣುವ ಗೋಡೆಯ ಸೆಕ್ಷನ್ ಚಿತ್ರ 1:10 ಅಳತೆಯಲ್ಲಿ, ನೆಲನಕ್ಷೆ 1:20ರಲ್ಲಿ. ಪ್ರತಿ ಫೋಟೊದಲ್ಲಿ ಅಳತೆಕೋಲು, ಉತ್ತರ ದಿಕ್ಕಿನ ಬಾಣ. ಆಯ್ದ ಪದರಗಳಿಂದ 40 ಲೀಟರ್‌ನಷ್ಟು ಮಣ್ಣು ತೆಗೆದು, ನೀರಿಗೆ ಹಾಕಿ ಕಲಕಿ, ತೇಲಿದ್ದನ್ನು ಸಣ್ಣ ಜಾಲರಿಯಲ್ಲಿ ಹಿಡಿಯುತ್ತಾರೆ. ಕರಿಕಾದ ಕಾಳು ಬರುವುದು ಅಲ್ಲಿ. ಕಾಲ ಗೊತ್ತುಮಾಡುವ ರೇಡಿಯೊಕಾರ್ಬನ್ ಪರೀಕ್ಷೆಗೆ ಒಂದೇ ಒಂದು ಕಾಳನ್ನು ಕಳಿಸುವುದು ಒಳ್ಳೆಯದು. ದೊಡ್ಡ ಮರದ ಇದ್ದಿಲಾದರೆ ಮರದ ವಯಸ್ಸೂ ಸೇರಿ ನೂರಾರು ವರ್ಷ ಹಿಂದಕ್ಕೆ ಹೋಗಬಹುದು.

ಇಲ್ಲಿ ಎಡವುವವರು ಬಹಳ. ಗುಂಡಿಯೊಳಗೆ ಸಿಕ್ಕ ಎಲುಬು, ಒಡೆದ ಮಡಕೆ ನೋಡಿ ಗುಂಡಿ ತೋಡಿದ್ದೇ ಅದಕ್ಕೆ ಎಂದುಬಿಡುತ್ತಾರೆ. ಕಾಳಿಗೆ ಬಾರದಾದ ಮೇಲೆ ಕಸ ತುಂಬಿದ ಕಥೆ ಅದು, ತೋಡಿದ ಕಥೆ ಆಕಾರದಲ್ಲೂ ತಳದ ಪದರದಲ್ಲೂ ಇರುತ್ತದೆ. ಹೆಗ್ಗಣದ ಬಿಲ, ಹಿಮಯುಗದ ಬಿರುಕು ಕೂಡ ಮೇಲಿನಿಂದ ಗುಂಡಿ, ಕಂದಕದ ಹಾಗೆಯೇ ಕಾಣುತ್ತವೆ.

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ನೆಲ ಇದಕ್ಕಿಂತ ಬಡವೇ? ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇತ್ತು. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಬರಹ. ಹಿರೇಬೆಣಕಲ್‌ನ ಶಿಲಾಗೋರಿಗಳು 2021ರಲ್ಲಿ ಯುನೆಸ್ಕೊ ತಾತ್ಕಾಲಿಕ ಪಟ್ಟಿ ಸೇರಿದವು. ಇವೆಲ್ಲ ಕಣ್ಣಿಗೆ ಕಾಣುವ ಕಲ್ಲು, ಹಾಗಾಗಿ ಬದುಕಿವೆ. ಬೂದಿಗುಡ್ಡಗಳ ಪಾಡು ಬೇರೆ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ದನಗಾಹಿಗಳು ಸಗಣಿ ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟ ದಿಬ್ಬಗಳು ಅವು. ಕುಡತಿನಿಯದ್ದು ಬಳ್ಳಾರಿ–ತೋರಣಗಲ್ಲು ದಾರಿಯ ಬದಿಯಲ್ಲೇ ಇದೆ. ಹಂಪಿ ಬಳಿಯ ನಿಂಬಾಪುರದ್ದನ್ನು ಜನ ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ಎಷ್ಟೋ ದಿಬ್ಬಗಳು ಗೊಬ್ಬರವಾಗಿ ಹೊಲ ಸೇರಿಹೋದವು. ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಇದೇ ನೀರಿನಲ್ಲಿ ತೇಲಿಸುವ ಕ್ರಮದಿಂದ ನವಶಿಲಾಯುಗದ ಹುರುಳಿ, ಹೆಸರು, ಕೊರಲೆ ಸಿಕ್ಕಿವೆ. ಅಂದರೆ ನಾವು ಈಗಲೂ ಉಣ್ಣುವ ಕಾಳಿನ ಬೇರು ಆ ಬೂದಿ ಮಣ್ಣಿನಲ್ಲಿದೆ.

ಇಲ್ಲಿನ ಕ್ರಮವನ್ನು ಅಲ್ಲಿಗೆ ಹಾಗೇ ಒಯ್ದರೆ ಆಗದು, ಅದೂ ನಿಜ. ಎರೆ ಭೂಮಿಯಲ್ಲಿ ತೋಡಿ ಎರೆಯಿಂದಲೇ ತುಂಬಿದ ಗುಂಡಿ ಕಣ್ಣಿಗೆ ಬೀಳುವುದೇ ಇಲ್ಲ. ಬೇಸಿಗೆಯ ಬಿರುಕಿನಲ್ಲಿ ಇಂದಿನ ಗಾಜಿನ ಚೂರು ಎದೆಯಾಳಕ್ಕೆ ಇಳಿದು, ಪದರಗಳನ್ನೇ ಸುಳ್ಳಾಗಿಸುತ್ತದೆ. ಬಳ್ಳಾರಿ ಬಳಿಯ ಕಪ್ಪಗಲ್ಲು ಊರಿನಂಥ, ಕರಿಕಲ್ಲಿನ ಸಾಲಿರುವಲ್ಲಿ ಕಾಂತೀಯ ಅಳತೆಗೆ ಕಲ್ಲಿನ ಗದ್ದಲವೇ ಹೆಚ್ಚು. ಕೆಂಪು ಮಸಾರಿ, ಗರಸು ನೆಲದಲ್ಲಾದರೆ ಬೂದಿ ತುಂಬಿದ ಗುಂಡಿ ಒಡೆದು ಕಾಣುತ್ತದೆ. ಮೊದಲು ಅಂಥ ಕಡೆ ಶುರುವಾಗಲಿ ಎಂಬುದು ನನ್ನ ಅಭಿಪ್ರಾಯ.

ಕಾನೂನು ನಮ್ಮಲ್ಲೂ ಇದೆ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ, ರಾಷ್ಟ್ರೀಯ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ನಿಷೇಧಿಸಿ, ಮುಂದಿನ 200 ಮೀಟರ್‌ಗೆ ಅನುಮತಿ ಬೇಕೆನ್ನುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದ ದಿಬ್ಬಕ್ಕೆ, ನೆಲದಡಿಯ ಗುಂಡಿಗೆ ಇದರಿಂದ ಏನೂ ಇಲ್ಲ. ಇನ್ನೊಂದು ಕಡೆ, ಏನಾದರೂ ಸಿಕ್ಕಿತೆಂದು ಹೇಳಿದರೆ ಹೊಲ ಸರ್ಕಾರದ ಪಾಲಾದೀತೆಂದು ರೈತರು ಬಾಯಿ ಬಿಡುವುದಿಲ್ಲ. ಅವರನ್ನು ದೂರುವಂತಿಲ್ಲ. ಸ್ಮಾರಕ ಮಾಡಿ ಬೇಲಿ ಹಾಕುವುದು, ಇಲ್ಲವೇ ಅಗೆದು ಎಸೆಯುವುದು, ಇವೆರಡೇ ದಾರಿ ಅವರಿಗೆ ಕಂಡಿರುವುದು. ಅಳೆದು, ಬರೆದು, ಆಮೇಲೆ ರಸ್ತೆ ಹಾಕಬಹುದೆಂಬ ಮೂರನೆಯ ದಾರಿಯನ್ನು ಯೋಜನಾ ವರದಿ ಬರೆಯುವಾಗಲೇ, ವೆಚ್ಚದ ಪಟ್ಟಿಯಲ್ಲೇ ಸೇರಿಸಬೇಕು. ಜೆಸಿಬಿ ಬಂದು ನಿಂತ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಅಲ್ಲಿಯವರೆಗೆ ಊರಿನ ಹುಡುಗರು ಮಾಡಬಹುದಾದದ್ದಿದೆ. ರಸ್ತೆಗೆ, ಪೈಪ್‌ಲೈನಿಗೆ ಕಾಲುವೆ ತೆಗೆದಾಗ ಪಕ್ಕದ ಗೋಡೆ ನೋಡಿ. ಬೂದಿ ಪಟ್ಟೆ, ಕಪ್ಪು ಬಟ್ಟಲಿನಂಥ ಗುರುತು ಕಂಡರೆ ಕೈಯಿಂದ ಕೆದಕಬೇಡಿ. ಅಳತೆ ಟೇಪು ಹಿಡಿದು ಫೋಟೊ ತೆಗೆಯಿರಿ, ನೆಲಮಟ್ಟದಿಂದ ಎಷ್ಟು ಆಳ ಎಂದು ಬರೆಯಿರಿ, ಪುರಾತತ್ವ ಇಲಾಖೆಗೂ ಹತ್ತಿರದ ವಿಶ್ವವಿದ್ಯಾಲಯಕ್ಕೂ ತಿಳಿಸಿ. ಮುಚ್ಚಿಹೋಗುವ ಮುಂಚೆ ನಿಮ್ಮೂರಿನ ಹಗೇವುಗಳ ಬಾಯಗಲ, ಆಳ, ತುಂಬುತ್ತಿದ್ದ ಚೀಲದ ಲೆಕ್ಕವನ್ನು ಅಜ್ಜಂದಿರ ಬಾಯಿಂದ ಕೇಳಿ ಬರೆದಿಡಿ. ಬರಿದಾದ ಹಗೇವಿಗೂ ಒಬ್ಬರೇ ಇಳಿಯಬೇಡಿ. ಮೊಬೈಲ್‌ನಲ್ಲಿ ಲೊಕೇಶನ್ ಆನ್ ಇರಲಿ, ಮೂಲ ಫೋಟೊವನ್ನೇ ಉಳಿಸಿಕೊಳ್ಳಿ. ವಾಟ್ಸ್ಯಾಪ್‌ನಲ್ಲಿ ಸಾಮಾನ್ಯ ಫೋಟೊ ಆಗಿ ಕಳಿಸಿದರೆ ಜಾಗದ ಮಾಹಿತಿ ಅಳಿಸಿಹೋಗುತ್ತದೆ.