ಆ ಹಳೆಯ ನಕ್ಷೆಯಲ್ಲಿ ಏನು ನೋಡುತ್ತೀರಿ?

"ಉಪಗ್ರಹ ಚಿತ್ರ ಮೊಬೈಲಿನಲ್ಲೇ ಸಿಗುವಾಗ ನೂರು ವರ್ಷ ಹಿಂದಿನ ನಕ್ಷೆ ಏಕೆ ಬೇಕು, ಅದೂ ಅಮೆರಿಕದ ಮರುಭೂಮಿಯದು?" ಮನೆಗೆ ಬಂದವರೆಲ್ಲ ಕೇಳುವ ಪ್ರಶ್ನೆ ಇದು. ನನ್ನ ಗೋಡೆಯ ಮೇಲಿರುವುದು ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯನ್ನು ತೋರಿಸುವ 'ಫರ್ನೇಸ್ ಕ್ರೀಕ್' ಹಾಳೆ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ 1905-06ರಲ್ಲಿ ಅಳೆದು ತಯಾರಿಸಿದ ಸ್ಥಳಾಕೃತಿ ನಕ್ಷೆ. ಇದರ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಎರಡೂವರೆ ಕಿಲೋಮೀಟರ್.

ಆಗ ವಿಮಾನದಿಂದ ಚಿತ್ರ ತೆಗೆಯುವ ಪದ್ಧತಿ ಇರಲಿಲ್ಲ. ಸರ್ವೆಯವರು ಪ್ಲೇನ್ ಟೇಬಲ್ ಎಂಬ, ನಕ್ಷೆಯ ಕಾಗದ ಹೊದಿಸಿದ ಹಲಗೆಯನ್ನು ಬೆಟ್ಟದ ಮೇಲೆ ಹೊತ್ತೊಯ್ದು, ಮುಕ್ಕಾಲಿಯ ಮೇಲೆ ಸಮಮಟ್ಟಕ್ಕೆ ನಿಲ್ಲಿಸಿ, ದೂರದ ಶಿಖರಗಳತ್ತ ಗುರಿ ಹಿಡಿದು ಗೆರೆ ಎಳೆಯುತ್ತಿದ್ದರು. ಬೇರೆ ಬೇರೆ ಬೆಟ್ಟಗಳಿಂದ ಎಳೆದ ಗೆರೆಗಳು ಕೂಡಿದಲ್ಲಿ ಶಿಖರದ ಸ್ಥಾನ ಸಿಗುತ್ತಿತ್ತು. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳನ್ನೂ ನೆಲವನ್ನು ಕಣ್ಣೆದುರಿಗೆ ಇಟ್ಟುಕೊಂಡೇ ಬರೆಯುತ್ತಿದ್ದರು.

ಬ್ಯಾಡ್‌ವಾಟರ್ ತಗ್ಗಿನ ಬಳಿ ಬೆರಳಿಟ್ಟು ನೋಡಿ. ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗಿನ ಜಾಗವದು. ಅದರ ಪೂರ್ವಕ್ಕೆ ಬೆಟ್ಟ 5,000 ಅಡಿಗೂ ಮೇಲೇರುತ್ತದೆ. ಒಂದೂವರೆ ಸೆಂಟಿಮೀಟರಿನಲ್ಲಿ ಕಂದು ಬಣ್ಣದ ಸಮೋನ್ನತಿ ಗೆರೆಗಳು ಕೂದಲೆಳೆಯಷ್ಟು ಅಂತರವೂ ಇಲ್ಲದೆ ಒತ್ತಿಕೊಂಡಿವೆ. ಪಶ್ಚಿಮಕ್ಕೆ ಅವೇ ಗೆರೆಗಳು ಬೀಸಣಿಗೆಯಂತೆ ಅಗಲವಾಗಿ ಬಿಚ್ಚಿಕೊಳ್ಳುತ್ತವೆ. ಅಪರೂಪದ ಪ್ರವಾಹಗಳು ಬೆಟ್ಟದ ಕಮರಿಗಳ ಬಾಯಿಯಿಂದ ತಂದು ಸುರಿದ ಕಲ್ಲುಮಣ್ಣಿನ ರಾಶಿ ಅದು. ನೀರಿಲ್ಲದ ಈ ನಾಡಿನ ಆಕಾರದಲ್ಲೆಲ್ಲ ನೀರಿನದೇ ಕೈವಾಡ.

ಆದರೆ ನಾನು ಮತ್ತೆ ಮತ್ತೆ ಹುಡುಕುವುದು ಒರತೆಗಳ ಗುರುತನ್ನು. 1913ರಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾದ ಕಣಿವೆಯಲ್ಲಿ ಆ ಗುರುತು ತಪ್ಪಾಗಿದ್ದರೆ ಜೀವವೇ ಹೋಗುತ್ತಿತ್ತು. ಚಿನ್ನದ ಆಸೆಗೆ ಜನ ನುಗ್ಗುತ್ತಿದ್ದ ಕಾಲವದು. 1905ರಲ್ಲಿ ಹತ್ತಿರದ ನೆವಾಡಾದಲ್ಲಿ ಎದ್ದ ರಯೋಲೈಟ್ ಎಂಬ ಗಣಿ ಪಟ್ಟಣ 1920ರ ಹೊತ್ತಿಗೆ ಬಹುತೇಕ ಖಾಲಿಯಾಯಿತು. 1909ರಲ್ಲಿ ಅದೇ ಇಲಾಖೆ ಮರುಭೂಮಿಯ ನೀರಿನ ತಾಣಗಳ ಕೈಪಿಡಿಯನ್ನೇ ಪ್ರಕಟಿಸಿತು.

ಈ ಒರತೆಗಳನ್ನು ಸರ್ವೆಯವರು ಕಂಡುಹಿಡಿದರು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅವರು ಬರುವುದಕ್ಕೆ ಎಷ್ಟೋ ತಲೆಮಾರು ಮೊದಲಿನಿಂದ ಅಲ್ಲಿನ ಮೂಲನಿವಾಸಿಗಳಾದ ಟಿಂಬಿಶಾ ಶೋಶೋನಿ ಜನ ಆ ನೀರನ್ನು ನಂಬಿ, ಬೇಸಿಗೆಗೆ ಬೆಟ್ಟ ಹತ್ತಿ, ಚಳಿಗೆ ಕಣಿವೆಗೆ ಇಳಿದು ಬದುಕಿದ್ದರು. ಅವರ ಊರು ಈಗಲೂ ಫರ್ನೇಸ್ ಕ್ರೀಕ್‌ನಲ್ಲೇ ಇದೆ.