ಸ್ಪಂಜಿನಲ್ಲಿ ಉಳಿದ ಹುಳಿ

ಮೂಳೆಯ ಜೀವಕೋಶ ಬೆಳೆಯಲು ಆಸರೆಯಾಗುವ ರಂಧ್ರಮಯ ಸ್ಪಂಜನ್ನು ಮನೆಯಲ್ಲೇ ಮಾಡುತ್ತಿದ್ದೇನೆ. ಏಳನೇ ಸಲಕ್ಕೆ ಅದರ ಮೇಲೆ ಖನಿಜದ ಲೇಪ ನಿಂತಿತು! ರೋಹು ಮೀನಿನ ಹುರುಪೆಯಿಂದ ಕೊಲಾಜೆನ್ (ಚರ್ಮ, ಮೂಳೆಗಳಲ್ಲಿರುವ ನಾರಿನಂಥ ಪ್ರೋಟೀನು) ತೆಗೆದದ್ದು, ಎಸಿ ರಿಪೇರಿಯವರ ವ್ಯಾಕ್ಯೂಮ್ ಪಂಪ್ ಹಚ್ಚಿ ಹೆಪ್ಪುಗಟ್ಟಿಸಿ ಒಣಗಿಸಿದ್ದು, ಸ್ಪಂಜು ನೀರಿನಲ್ಲಿ ಕರಗದಂತೆ ನಾರುಗಳಿಗೆ ಅಡ್ಡಕೊಂಡಿ ಹಾಕಿದ್ದು, ಇವನ್ನೆಲ್ಲ ಮತ್ತೆ ಹೇಳುವುದಿಲ್ಲ. ಈ ಹವ್ಯಾಸದ ಗೆಳೆಯರಾದ ನೀವೂ ಮೂಗು ಮುಚ್ಚಿಕೊಂಡು ಮಾಡಿದವರೇ.

ಪೀಡಿಸಿದ್ದು ಲೇಪ. ಹೈಡ್ರಾಕ್ಸಿಅಪಟೈಟ್ (ಮೂಳೆಗೆ ಗಟ್ಟಿತನ ಕೊಡುವ ಕ್ಯಾಲ್ಸಿಯಂ ಫಾಸ್ಫೇಟ್ ಖನಿಜ) ಪುಡಿ ಕಲಸಿದ ನೀರಿನಲ್ಲಿ ಸ್ಪಂಜು ಅದ್ದಿ ಒಣಗಿಸಿದರೆ ಸುಣ್ಣ ಬಳಿದ ಹಾಗೆ ಚೆಂದ. ನೀರಿಗೆ ಹಾಕಿ ಎರಡು ಸಲ ಅಲ್ಲಾಡಿಸಿದರೆ ಅಕ್ಕಚ್ಚು. ಮೊದಲು ಪುಡಿ ಮಾರಿದ, ಮುಂಬೈಯ ಪ್ರಿನ್ಸೆಸ್ ಸ್ಟ್ರೀಟಿನ ಅಂಗಡಿಯವನನ್ನೇ ಬೈದೆ. ಲೇಬಲ್ಲಿನ ಮೇಲೆ 'ನ್ಯಾನೋ', ಲೋಟದಲ್ಲಿ ಐದೇ ನಿಮಿಷಕ್ಕೆ ರಾಗಿಹಿಟ್ಟಿನಂತೆ ತಳ ಹಿಡಿಯಿತು. ಗಂಟುಗಟ್ಟಿದ ಮಾಲು. ಸೀಲ್ ಒಡೆದ ಮೇಲೆ ವಾಪಸಿಲ್ಲವಂತೆ. ಒಡೆಯದೆ ಗೊತ್ತಾಗುವುದು ಹೇಗೆ ಮಾರಾಯ್ರೆ?

ಸಿಟ್ಟಿನಲ್ಲಿ ಕ್ಯಾಲ್ಸಿಯಂ ನೈಟ್ರೇಟ್, ಅಮೋನಿಯಂ ಫಾಸ್ಫೇಟ್ ಸೇರಿಸಿ ಆ ಪುಡಿಯನ್ನು ನಾನೇ ತಯಾರಿಸಿದೆ. ಆಗಲೇ ವಿಚಿತ್ರ ಶುರು. ಈ ಸಲ ಲೇಪ ಹಚ್ಚಿದ ಸ್ಪಂಜು ನೆನೆಸಿದ ನೀರು ತಿಳಿಯಾಗಿಯೇ ಇದೆ, ತಳದಲ್ಲೂ ಏನಿಲ್ಲ, ಆದರೆ ಸ್ಪಂಜಿನ ಬಿಳಿ ಮಾಯ.

ಮುಲುಂಡಿನ ನಮ್ಮ ಅಡುಗೆಮನೆಯಲ್ಲಿ ಅಮ್ಮ ಮಾವಿನಕಾಯಿ ಕಚ್ಚಿ, "ಹಲ್ಲೆಲ್ಲ ಜುಮ್ ಅಂತು ಮಗಾ" ಅಂದರು. ನಾನು ಎದ್ದು, ಹುಳಿ ಅಳೆಯುವ ಪಿಎಚ್ ಪಟ್ಟಿ ಹುಡುಕಿದೆ. ಹಲ್ಲಿನ ಎನಾಮಲ್ಲೂ ಇದೇ ಖನಿಜ, ಹುಳಿಗೆ ಕರಗುವಂಥದ್ದು! ಸ್ಪಂಜು ನೆನೆಸಿದ ನೀರಿನ ಪಿಎಚ್ 4. ಏಳಕ್ಕಿಂತ ಕೆಳಗಿದ್ದರೆ ಹುಳಿ. ಕೊಲಾಜೆನ್ ಕರಗಿಸಿದ ಅಸಿಟಿಕ್ ಆಮ್ಲ (ವಿನೆಗರಿನ ಹುಳಿ) ಒಳಗೇ ಕುಳಿತು ಲೇಪವನ್ನು ತಿನ್ನುತ್ತಿತ್ತು.

ಈಗ ಸೋಡಿಯಂ ಫಾಸ್ಫೇಟ್ ದ್ರಾವಣದಲ್ಲಿ, ಪಟ್ಟಿ 7 ದಾಟುವವರೆಗೆ ತೊಳೆಯುತ್ತೇನೆ. ಪುಡಿಯನ್ನೂ ಕೈಬಿಟ್ಟೆ. 0.2 ಮೋಲಾರ್ (ದ್ರಾವಣದ ಸಾಂದ್ರತೆಯ ಅಳತೆ) ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ಒಂದು ನಿಮಿಷ, ತೊಳೆ, 0.12 ಮೋಲಾರ್ ಡೈಸೋಡಿಯಂ ಫಾಸ್ಫೇಟಿನಲ್ಲಿ ಒಂದು ನಿಮಿಷ, ತೊಳೆ. ಖನಿಜ ನಾರಿನ ಮೇಲೆಯೇ ಬೆಳೆಯುತ್ತದೆ. ಎಂಟು ಸುತ್ತು ಸಾಕು. ಹನ್ನೆರಡಕ್ಕೆ ಹೋದಾಗ ರಂಧ್ರಗಳ ಬಾಯಿಗೇ ಹೊಪ್ಪಳೆ ಕಟ್ಟಿತು. ಮೂಳೆಯ ಜೀವಕೋಶ ಒಳಹೋಗಲು 100 ಮೈಕ್ರಾನಾದರೂ ಬಾಯಿ ತೆರೆದಿರಬೇಕಲ್ಲ. ಬೆಳೆದದ್ದು ಹೈಡ್ರಾಕ್ಸಿಅಪಟೈಟೋ ಅದರ ದಾಯಾದಿ ಫಾಸ್ಫೇಟೋ ಎಂಬುದನ್ನು ಹರಳಿನ ರಚನೆ ಗುರುತಿಸುವ ಎಕ್ಸ್‌ರೇ ಡಿಫ್ರಾಕ್ಷನ್ನೇ ಹೇಳಬೇಕು. ನನ್ನ ಯುಎಸ್‌ಬಿ ಸೂಕ್ಷ್ಮದರ್ಶಕಕ್ಕೆ ಅಷ್ಟು ಕಣ್ಣಿಲ್ಲ.

ಅಷ್ಟರಲ್ಲಿ ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರನೊರೆ ಕಂಡಿತು. ಕಟ್ಲ್‌ಫಿಶ್ ಎಂಬ ಕಡಲಜೀವಿಯ ಬೆನ್ನಹಲಗೆ, ಹುಟ್ಟಾ ರಂಧ್ರಮಯ ಕ್ಯಾಲ್ಸಿಯಂ ಕಾರ್ಬೊನೇಟು. ಫಾಸ್ಫೇಟ್ ಜೊತೆ ಒತ್ತಡದಲ್ಲಿ 200 ಡಿಗ್ರಿಗೆ ಬೇಯಿಸಿದರೆ, ರಂಧ್ರ ಹಾಗೇ ಉಳಿದು ಹೈಡ್ರಾಕ್ಸಿಅಪಟೈಟ್ ಆಗುತ್ತದೆ. ಕುಕ್ಕರ್ 120 ದಾಟುವುದಿಲ್ಲ ಎಂದು ಅಮ್ಮನಿಗೆ ವಿವರಿಸಿದೆ. ಆದರೂ ಕುಕ್ಕರಿನ ಸೀಟಿ ಈಗ ಅವರ ಬೀರುವಿನಲ್ಲಿದೆ.