ಐದನೆಯ ಬೋರಿನ ಅಳತೆ

ಹುಬ್ಬಳ್ಳಿ, 14 ನವೆಂಬರ್ 2024, ಗುರುವಾರ

ನಮ್ಮ ಟಾಟಾ 1613 ಲಾರಿಯ ಇಂಜಿನ್ ಬಿಚ್ಚಿ ಇಂದಿಗೆ ನಾಲ್ಕು ದಿನವಾಯಿತು. ಕಳೆದ ತಿಂಗಳು ಮಂಗಳೂರಿನಿಂದ ಗೊಬ್ಬರ ಹೇರಿಕೊಂಡು ಅರಬೈಲ್ ಘಟ್ಟ ಏರುವಾಗ ಎಳೆತ ಕುಂದಿ, ಇಂಜಿನ್ನಿನ ಒಳಗಿನ ಒತ್ತಡ ಹೊರಬಿಡುವ ಬ್ರೀದರ್ ಪೈಪಿನಿಂದ ಹೊಗೆ ಬರತೊಡಗಿದಾಗಲೇ ಪಿಸ್ಟನ್ನಿನ ಸುತ್ತಲಿನ ರಿಂಗುಗಳು ಸೋತಿವೆ ಎಂದು ತಿಳಿದಿತ್ತು. ಆದರೆ ಬೋರ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ರಂಧ್ರ, ಇಷ್ಟು ಸವೆದಿರುತ್ತದೆ ಎಂದು ನಾನು ಎಣಿಸಿರಲಿಲ್ಲ. ಏರ್ ಕ್ಲೀನರ್‌ನಿಂದ ಟರ್ಬೋಗೆ ಹೋಗುವ ರಬ್ಬರ್ ಹೋಸ್ ಅಡಿಭಾಗದಲ್ಲಿ ಸೀಳಿತ್ತು. ಎರೆಹೊಲದ ದಾರಿಗಳಲ್ಲಿ ಹತ್ತಿ ಹೇರಲು ಹೋಗುವ ಲಾರಿಗೆ ಆ ಸೀಳೊಂದೇ ಸಾಕು. ಸೋಸದ ದೂಳು ನೇರವಾಗಿ ಸಿಲಿಂಡರಿಗೆ ಇಳಿದು, ಮೇಲಿನ ರಿಂಗ್ ನಿಂತು ಹಿಂದಿರುಗುವ, ಎಣ್ಣೆಯ ಪದರ ಅತ್ಯಂತ ತೆಳುವಾಗಿರುವ ಜಾಗವನ್ನೇ ಅರೆಯುತ್ತದೆ.

ಬೆಳಿಗ್ಗೆ ಮಿಸ್ತ್ರಿ ಕಾಕಾ ಬೋರ್ ಗೇಜ್ ಹಿಡಿದು ಆರೂ ಬೋರುಗಳನ್ನು ಅಳೆದರು, ನಾನು ಬರೆದುಕೊಂಡೆ. ಹೊಸತಿದ್ದಾಗ 97.00 ಮಿ.ಮೀ. ಇದ್ದ ಬೋರು, ಐದನೆಯದನ್ನು ಬಿಟ್ಟು ಉಳಿದ ಸಿಲಿಂಡರುಗಳಲ್ಲಿ 97.15ರಿಂದ 97.19ರವರೆಗೆ ಹಿಗ್ಗಿತ್ತು. ಐದನೆಯದರಲ್ಲಿ ಮೇಲ್ಭಾಗ 97.28, ಕೆಳಭಾಗ 97.04, ಜೊತೆಗೆ ಉಗುರಿಗೆ ತಾಗುವ ಎರಡು ಉದ್ದ ಗೀರುಗಳು.

ರಿಂಗ್ ಅಷ್ಟೇ ಬದಲಿಸಿದರೆ ಸಾಲದೇ ಎಂದು ಅಣ್ಣ ಫೋನಿನಲ್ಲಿ ಕೇಳಿದ. ಬೋರಿನ ವ್ಯಾಸ 0.10 ಮಿ.ಮೀ. ಹೆಚ್ಚಿದರೆ ರಿಂಗಿನ ಬಾಯಿ, ಅಂದರೆ ಅದರ ಎರಡು ತುದಿಗಳ ನಡುವಿನ ಸಂದು, 0.31 ಮಿ.ಮೀ. ತೆರೆದುಕೊಳ್ಳುತ್ತದೆ, ಏಕೆಂದರೆ ಅದು ಸುತ್ತಳತೆಯ ಲೆಕ್ಕ. ಆ ಪ್ರಕಾರ ಐದನೆಯ ಬೋರಿನಲ್ಲಿ ಹೊಸ ರಿಂಗಿನ ಬಾಯಿ ಇರಬೇಕಾದುದಕ್ಕಿಂತ ಸುಮಾರು 0.88 ಮಿ.ಮೀ. ಹೆಚ್ಚು ತೆರೆದಿರುತ್ತದೆ. ಇದನ್ನು ವಿವರಿಸಿದ ಮೇಲೆ ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಕಾಕಾ ಅವರ ಸಲಹೆ ಬೇರೆಯಾಗಿತ್ತು. "0.50 ಓವರ್ ಸೈಜ್ ಹಾಕೂಣು ತಮ್ಮಾ, ಎಲ್ಲಾರೂ ಅದನ್ನ ಹಾಕತಾರ," ಎಂದರು. ಅಂದರೆ ಬೋರನ್ನು 0.50 ಮಿ.ಮೀ. ಹಿಗ್ಗಿಸಿ ಕೊರೆದು, ಅಷ್ಟೇ ದೊಡ್ಡ ಪಿಸ್ಟನ್ ಹಾಕುವುದು. ಮೇಲ್ನೋಟಕ್ಕೆ 0.28 ಸವೆತಕ್ಕೆ 0.50 ಧಾರಾಳವಾಗಿ ಕಾಣುತ್ತದೆ. ಆದರೆ ವ್ಯಾಸದಲ್ಲಿ 0.50 ಎಂದರೆ ಒಂದೊಂದು ಬದಿಗೆ ಸಿಗುವುದು 0.25 ಮಾತ್ರ; ಸವೆತವೋ ಎರಡೂ ಬದಿಗೆ ಸಮನಾಗಿ ಹಂಚಿಹೋಗಿರುವುದಿಲ್ಲ, ಪಿಸ್ಟನ್ ಒತ್ತಿ ನಿಲ್ಲುವ ಬದಿಯಲ್ಲೇ ಹೆಚ್ಚಾಗಿರುತ್ತದೆ. ಆ 0.28ರಲ್ಲಿ ಬಹುಪಾಲು ಒಂದೇ ಬದಿಯದಾಗಿದ್ದರೆ, ಬೋರಿನ ಕೇಂದ್ರವನ್ನು ಕದಲಿಸದೆ 0.50ಕ್ಕೆ ಕೊರೆದ ಮೇಲೂ ಅಲ್ಲಿ ಹಳೆಯ ಸವೆತದ ಕಲೆ ಉಳಿಯಬಹುದು. ಗೀರುಗಳ ಆಳ ಬೇರೆ. ಕಲೆ ಹೋಗಲೆಂದು ಕೇಂದ್ರವನ್ನೇ ಸರಿಸಿ ಕೊರೆದರೆ ಪಿಸ್ಟನ್ ಕ್ರ್ಯಾಂಕಿಗೆ ನೇರವಾಗಿ ಕೂರುವುದಿಲ್ಲ. 0.75ಕ್ಕೆ ಹೋಗಬಹುದಿತ್ತು, ಆದರೆ ಬ್ಲಾಕಿನೊಳಗೆ ಒತ್ತಿ ಕೂರಿಸಿದ ಕೊಳವೆಯಾದ, ಈಗಾಗಲೇ ತೆಳುವಾದ ಡ್ರೈ ಲೈನರನ್ನು ಅಷ್ಟು ಕೊರೆದರೆ ಮುಂದಿನ ಸಲಕ್ಕೆ ಏನೂ ಉಳಿಯುವುದಿಲ್ಲ. ಕಾಗದದ ಮೇಲೆ ವೃತ್ತ ಬರೆದು ತೋರಿಸಿದಾಗ ಕಾಕಾ ಬಹಳ ಹೊತ್ತು ನೋಡಿ ಒಪ್ಪಿದರು. ಆರಕ್ಕೂ ಹೊಸ ಲೈನರ್ ಒತ್ತಿಸಿ, 97.00ರ ಸ್ಟ್ಯಾಂಡರ್ಡ್ ಪಿಸ್ಟನ್ನನ್ನೇ ಹಾಕುವುದೆಂದು ನಿಶ್ಚಯಿಸಿದೆವು. ಖರ್ಚು ಹೆಚ್ಚು, ಕೆಲಸ ಎರಡು ದಿನ ಹೆಚ್ಚು.

ಮಧ್ಯಾಹ್ನ ಹಳೆಯ ಪಿಸ್ಟನ್ ಒಂದನ್ನು ಚೀಲದಲ್ಲಿ ಹಾಕಿಕೊಂಡು ಪಿ.ಬಿ. ರಸ್ತೆಯ ಅಂಗಡಿಗಳಿಗೆ ಹೋದೆ. ಮೊದಲನೆಯ ಅಂಗಡಿಯವರು ತೋರಿಸಿದ ಪಿಸ್ಟನ್ ಕೂಡ 97 ಮಿ.ಮೀ., ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್ನಿನ ರಂಧ್ರವೂ ನಮ್ಮದರಷ್ಟೇ, ಬೆಲೆಯೂ ಕಡಿಮೆ. ಆದರೆ ತಲೆಯ ಮೇಲಿನ ಕುಳಿ, ಅಂದರೆ ಬೌಲ್, ಕಣ್ಣಿಗೇ ಕಿರಿದಾಗಿ ಕಂಡಿತು. ಔಷಧಿ ಅಂಗಡಿಯಿಂದ ಸಿರಿಂಜ್ ತಂದು, ಎರಡೂ ಬೌಲುಗಳಿಗೆ ಅಂಚಿನವರೆಗೆ ನೀರು ತುಂಬಿ ನೋಡಿದಾಗ ಹೊಸತು 4 ಮಿ.ಲೀ. ಕಡಿಮೆ ಹಿಡಿಯಿತು. ನಾಲ್ಕು ಮಿ.ಲೀ. ಅಲ್ಪವೆನಿಸಬಹುದು. ಆದರೆ 97 ಮಿ.ಮೀ. ಬೋರ್, 128 ಮಿ.ಮೀ. ಸ್ಟ್ರೋಕಿನ (ಪಿಸ್ಟನ್ನಿನ ಓಟದ) ಒಂದು ಸಿಲಿಂಡರಿನಲ್ಲಿ ಪಿಸ್ಟನ್ ಸುಮಾರು 946 ಮಿ.ಲೀ. ಜಾಗದಲ್ಲಿ ಓಡಾಡುತ್ತದೆ; ಕಂಪ್ರೆಷನ್, ಅಂದರೆ ಈ ಜಾಗವೂ ಗಾಳಿಗೆ ಕೊನೆಯಲ್ಲಿ ಉಳಿಯುವ ಜಾಗವೂ ಕೂಡಿ ಆ ಉಳಿದ ಜಾಗದ ಎಷ್ಟು ಪಟ್ಟು ಎಂಬುದು, 17ಕ್ಕೆ 1 ಎಂದು ಹಿಡಿದರೆ ಕೊನೆಯಲ್ಲಿ ಉಳಿಯುವ ಜಾಗ 59 ಮಿ.ಲೀ. ಅದರಲ್ಲಿ 4 ಕಳೆದರೆ ಕಂಪ್ರೆಷನ್ 18 ದಾಟುತ್ತದೆ. ಟರ್ಬೋ ಗಾಳಿ ತುಂಬುವ ಇಂಜಿನ್ನಿಗೆ, ಅದೂ ಘಟ್ಟದಲ್ಲಿ ಪೂರ್ಣ ಭಾರ ಎಳೆಯುವಾಗ, ಅದು ಪಿಸ್ಟನ್ ತಲೆಯ ಮೇಲೂ ಹೆಡ್ ಗ್ಯಾಸ್ಕೆಟ್ಟಿನ ಮೇಲೂ ಬೀಳುವ ಹೊರೆ. ವ್ಯಾಸ ಕೂಡಿಬಂದಿತೆಂದು ಪಿಸ್ಟನ್ ಕೊಳ್ಳುವ ಅಭ್ಯಾಸವನ್ನು ನಮ್ಮ ಕಡೆ ಎಷ್ಟೋ ಲಾರಿ ಮಾಲೀಕರಲ್ಲಿ ಕಂಡಿದ್ದೇನೆ. ಅವರ ದುಡ್ಡು ಹಾಳಾಗುವುದನ್ನು ನೋಡಿ ನಿಜಕ್ಕೂ ನೋವಾಗುತ್ತದೆ.

ಎರಡನೆಯ ಅಂಗಡಿಯಲ್ಲಿ ನಮ್ಮ ಟರ್ಬೋ ಇಂಜಿನ್ನಿನ ಸೆಟ್ಟೇ ಸಿಕ್ಕಿತು. ನೀರಿನ ಅಳತೆ ಹೊಂದಿತು. ಪಿನ್ನಿನ ನಡುವಿನಿಂದ ತಲೆಯವರೆಗಿನ ಎತ್ತರವೂ ಹೊಂದಿತು. ಮೇಲಿನ ರಿಂಗ್ ಕೂರುವ ತೋಡಿನಲ್ಲಿ ಕಬ್ಬಿಣದ ಉಂಗುರ ಬೆಸೆದಿರುವುದು ಬಣ್ಣದ ಗೆರೆಯಿಂದಲೇ ಸ್ಪಷ್ಟವಾಗಿತ್ತು. ಬಿಸಿಯಲ್ಲಿ ಬರಿ ಅಲ್ಯುಮಿನಿಯಂ ತೋಡು ಬೇಗ ಸಡಿಲವಾಗುವುದರಿಂದ ಈ ಉಂಗುರ ಬೇಕೇ ಬೇಕು. ಅಂಗಡಿಯ ಹುಡುಗ ಅಯಸ್ಕಾಂತ ಹಚ್ಚಿ, ಹಿಡಿಯಲಿಲ್ಲವೆಂದು ಸಂಶಯಪಟ್ಟ. ಅದು ನಿಕ್ಕಲ್ ಹೆಚ್ಚಿರುವ ಎರಕ, ಅಲ್ಯುಮಿನಿಯಂ ಜೊತೆಗೇ ಹಿಗ್ಗಲೆಂದು ಆರಿಸಿದ್ದು, ಅಯಸ್ಕಾಂತಕ್ಕೆ ಅಂಟುವುದಿಲ್ಲ ಎಂದು ಅವನಿಗೆ ಹೇಳಿದೆ.

ಸಂಜೆ ಪರಿಚಯದ ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ಹೊಸ ಆರನ್ನೂ ತೂಗಿದೆ. ಅತಿ ಹಗುರದ್ದಕ್ಕೂ ಅತಿ ಭಾರದ್ದಕ್ಕೂ 5 ಗ್ರಾಂ ವ್ಯತ್ಯಾಸ. ಹಳೆಯವನ್ನೂ ತೂಗಿದಾಗ ಐದನೆಯದು ಉಳಿದವುಗಳಿಗಿಂತ 38 ಗ್ರಾಂ ಹೆಚ್ಚು ಬಂದಿತು. ಹಿಂದಿನ ಸಲ ಬೇರೊಂದು ಊರಿನ ಗ್ಯಾರೇಜಿನಲ್ಲಿ ಆ ಒಂದನ್ನು ಮಾತ್ರ ಬದಲಿಸಿ, ಆರನ್ನೂ ಬದಲಿಸಿದ್ದೇವೆಂದು ಹಣ ಪಡೆದಿದ್ದರು. ಇಷ್ಟು ವರ್ಷ ಸ್ಟೇರಿಂಗಿನಲ್ಲಿ ಬರುತ್ತಿದ್ದ ನಡುಕಕ್ಕೆ ಅದೇ ಕಾರಣವಿದ್ದೀತು.

ಬ್ಲಾಕ್, ಲೈನರ್, ಪಿಸ್ಟನ್ ಮೂರನ್ನೂ ಒಟ್ಟಿಗೇ ಬೋರಿಂಗ್ ಅಂಗಡಿಗೆ ಒಪ್ಪಿಸಿ ಬಂದೆ. ಪ್ರತಿ ಪಿಸ್ಟನ್ನಿನ ಸ್ಕರ್ಟನ್ನು (ಕೆಳಭಾಗದ ಗೋಡೆಯನ್ನು) ಪಿನ್ನಿಗೆ ಅಡ್ಡಲಾಗಿ ಅಳೆದು, ಪೆಟ್ಟಿಗೆಯ ಚೀಟಿಯಲ್ಲಿರುವ ಕ್ಲಿಯರೆನ್ಸ್ (ಪಿಸ್ಟನ್ನಿಗೂ ಬೋರಿಗೂ ನಡುವೆ ಬಿಡುವ ಸಂದು) ಕೂಡಿಸಿ, ಆಯಾ ಬೋರನ್ನು ಆಯಾ ಪಿಸ್ಟನ್ನಿಗೇ ಹೋನಿಂಗ್ (ಸಾಣೆಕಲ್ಲಿನಿಂದ ಉಜ್ಜಿ ಅಳತೆಗೆ ತರುವುದು) ಮಾಡಬೇಕೆಂದು ಬರೆದುಕೊಟ್ಟಿದ್ದೇನೆ. ತಲೆಗಳ ಮೇಲೆ 1ರಿಂದ 6ರವರೆಗೆ ಮಾರ್ಕರಿನಿಂದ ಅಂಕಿ ಹಾಕಿದೆ. ಶನಿವಾರ ಬೆಳಿಗ್ಗೆ ಬರಲು ಹೇಳಿದ್ದಾರೆ. ಬೋರ್ ಗೇಜ್ ತೆಗೆದುಕೊಂಡು ಕಾಕಾ ಕೂಡ ಬರುತ್ತಾರೆ. ಬರುವಾಗ ಹೊಸ ಹೋಸನ್ನೂ ಎರಡು ಕ್ಲಿಪ್ಪುಗಳನ್ನೂ ತರಬೇಕು.